ಕೂಲಿಯ ಲೆಕ್ಕ

ವಿಶ್ವವಿದ್ಯಾನಿಲಯದಲ್ಲಿ ಗಣಕವಿಜ್ಞಾನವನ್ನು ಅಭ್ಯಸಿಸುವ ಸ್ನಾತಕೋತ್ತರ ವಿದ್ಯಾರ್ಥಿಗೂ, ಸುಡುಬಿಸಿಲಿನಲ್ಲಿ ಕುಳಿತು ರಸ್ತೆಗೆ ಜಲ್ಲಿ ಒಡೆಯುವ ದಿನಗೂಲಿಯ ಹೆಂಗಸಿಗೂ ಏನು ಸಂಬಂಧ? ಮೇಲ್ನೋಟಕ್ಕೆ ಇಬ್ಬರ ಲೋಕಗಳೂ ಬೇರೆ ಬೇರೆ. ಆದರೆ ಇಬ್ಬರನ್ನೂ ಕೂಡಿಸುವ ವಸ್ತುವೊಂದುಂಟು. ಅದು ಕೂಲಿಗಾರರ ಹೆಸರುಗಳನ್ನೂ ಅವರು ದುಡಿದ ದಿನಗಳನ್ನೂ ಗುರುತು ಮಾಡುವ ಹಾಜರಿ ಪಟ್ಟಿ. ಒಂದು ಕಾಲಕ್ಕೆ ಮೇಸ್ತ್ರಿಯ ಕಂಕುಳಲ್ಲಿದ್ದ ಆ ಕಾಗದ ಈಗ ಗಣಕಯಂತ್ರದೊಳಕ್ಕೆ ಸೇರಿದೆ. ಅದು ಅಲ್ಲಿಗೆ ಸೇರಿದ ಬಗೆಯನ್ನೂ, ಸೇರಿದ ಮೇಲೆ ಕೂಲಿಗಾರರಿಗೆ ಒದಗಿದ ಲಾಭನಷ್ಟಗಳನ್ನೂ ಅರಿತರೆ ಆ ಸಂಬಂಧ ತಾನಾಗಿಯೇ ತಿಳಿದುಬರುತ್ತದೆ.

ತಿಂಗಳ ಸಂಬಳದ ನೌಕರನಿಗೆ ನೇಮಕಾತಿಯ ಪತ್ರವಿರುತ್ತದೆ. ಸಂಬಳದ ಚೀಟಿ ಇರುತ್ತದೆ. ದಿನಗೂಲಿಯವನಿಗೆ ಇವು ಯಾವುವೂ ಇಲ್ಲ. ಇಂದು ದುಡಿದರೆ ಇಂದಿಗೆ ಉಂಟು. ನಾಳೆಯ ಮಾತು ನಾಳೆಗೆ. ಅವನು ಅಗೆದ ಕೆರೆಯ ಮಣ್ಣಿನ ಮೇಲಾಗಲಿ, ಹಾಸಿದ ರಸ್ತೆಯ ಕಲ್ಲಿನ ಮೇಲಾಗಲಿ ಅವನ ಹೆಸರು ಬರೆದಿರುವುದಿಲ್ಲ. ದುಡಿದುದಕ್ಕೆ ಉಳಿಯುವ ಸಾಕ್ಷಿಯೆಂದರೆ ಹಾಜರಿ ಪಟ್ಟಿಯಲ್ಲಿನ ಒಂದು ಗುರುತು, ಅದರ ಮುಂದೆ ಒಂದು ಹೆಬ್ಬೆಟ್ಟಿನ ಒತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತದೆ ನಮ್ಮ ಗಾದೆ. ಆದರೆ ಕೆಸರಾದ ಕೈ ಯಾರದೆಂದು ಬರೆದಿಡುವವನು ಬೇರೊಬ್ಬನಾದಾಗ, ಮೊಸರು ಬೇರೆಯವರ ಬಾಯಿಗೆ ಸೇರುವುದೂ ಉಂಟು.

ರಾಜಸ್ಥಾನದ ಅಜ್ಮೀರ್ ಜಿಲ್ಲೆಯಲ್ಲಿ ಹರ್ಮಾಡಾ ಎಂಬುದೊಂದು ಹಳ್ಳಿ. 1980ರ ದಶಕದ ಮೊದಲಲ್ಲಿ ಆ ಸೀಮೆಗೆ ಬರಗಾಲ ಬಂದಾಗ, ಬರಪರಿಹಾರಕ್ಕಾಗಿ ಸರಕಾರವು ಮದನ್‌ಗಂಜ್‌ನಿಂದ ಹರ್ಮಾಡಾಕ್ಕೆ ರಸ್ತೆಯನ್ನು ಹಾಕಿಸತೊಡಗಿತು. ಕೆಲಸಕ್ಕೆ ಬಂದವರಲ್ಲಿ ಹೆಂಗಸರ ಸಂಖ್ಯೆ ದೊಡ್ಡದಾಗಿತ್ತು. ಅಂದು ಗೊತ್ತಾಗಿದ್ದ ಕನಿಷ್ಠ ಕೂಲಿ ದಿನಕ್ಕೆ 7 ರೂಪಾಯಿ. ಆದರೆ ಕೂಲಿಯನ್ನು ಕೊಡುತ್ತಿದ್ದ ಕ್ರಮವೇ ವಿಚಿತ್ರವಾಗಿತ್ತು. ಕೂಲಿಗಾರರನ್ನು ತಂಡಗಳಾಗಿ ವಿಂಗಡಿಸಿ, ಹದಿನೈದು ದಿನಕ್ಕೊಮ್ಮೆ ತಂಡದ ಕೆಲಸವನ್ನು ಅಳೆದು, ಬಂದ ಮೊತ್ತವನ್ನು ತಂಡದ ಎಲ್ಲರಿಗೂ ಹಂಚುತ್ತಿದ್ದರು. ಅಳತೆ ಕಡಮೆಯಾದರೆ ಕೂಲಿಯೂ ಇಳಿಯುತ್ತಿತ್ತು. ಅಳತೆ ಹೆಚ್ಚಾದರೆ ಮಾತ್ರ 7 ರೂಪಾಯಿಯ ಗೆರೆಯನ್ನು ಅದು ದಾಟುತ್ತಿರಲಿಲ್ಲ. ನಷ್ಟವು ಕೂಲಿಗಾರರ ಪಾಲಿಗೆ, ಲಾಭವು ಸರಕಾರದ ಪಾಲಿಗೆ ಎಂಬಂತಾಯಿತು.

ಈ ಅನ್ಯಾಯವನ್ನು ಪ್ರತಿಭಟಿಸಿದವರ ಮುಂದಾಳಾಗಿ ನಿಂತವರು ನೌರತಿ ಬಾಯಿ ಎಂಬ ದಲಿತ ಮಹಿಳೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ರಸ್ತೆಯ ಕೆಲಸದಲ್ಲಿ ಕಲ್ಲು ಒಡೆದು ಬಾಳುವೆ ನಡೆಸುತ್ತಿದ್ದವರು. ಹತ್ತಿರದ ತಿಲೋನಿಯಾದಲ್ಲಿ ಗ್ರಾಮಸೇವೆಯಲ್ಲಿ ತೊಡಗಿದ್ದ ಸಂಜಿತ್ ರಾಯ್ ಅವರು ಕೂಲಿಗಾರರ ಪರವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಬರಪರಿಹಾರದ ಕಾಮಗಾರಿಗಳಿಗೆ ಕಾರ್ಮಿಕ ಕಾನೂನುಗಳು ಅನ್ವಯಿಸದಂತೆ ರಾಜಸ್ಥಾನವು 1964ರಲ್ಲಿಯೇ ಕಾಯಿದೆಯೊಂದನ್ನು ಮಾಡಿಕೊಂಡಿತ್ತು. ಸರಕಾರವು ಅದನ್ನೇ ಆಧಾರವಾಗಿ ಹಿಡಿಯಿತು. ಆದರೆ 1983ರ ಜನವರಿಯಲ್ಲಿ ನ್ಯಾಯಾಲಯವು ಕೂಲಿಗಾರರ ಪರವಾಗಿ ತೀರ್ಪು ನೀಡಿತು. ಹಸಿವಿನ ಒತ್ತಾಯಕ್ಕೆ ಸಿಕ್ಕಿ ಕನಿಷ್ಠ ಕೂಲಿಗಿಂತ ಕಡಮೆಗೆ ದುಡಿಯುವವನು ಸ್ವಇಚ್ಛೆಯಿಂದ ದುಡಿಯುವವನಲ್ಲ. ಅದು ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸಿರುವ ಬಲಾತ್ಕಾರದ ದುಡಿಮೆಯೇ ಸರಿ. ಬರದಿಂದ ಬೆಂದವರ ಅಸಹಾಯಕತೆಯನ್ನು ಸರಕಾರವು ತನ್ನ ಲಾಭಕ್ಕೆ ಬಳಸಿಕೊಳ್ಳಬಾರದು, ಎಂಬುದು ಆ ತೀರ್ಪಿನ ಸಾರ.

ಹೀಗೆ ಕೂಲಿಯ ದರವೇನೋ ಗಟ್ಟಿಯಾಯಿತು. ಆದರೆ ಎಷ್ಟು ದಿನ ದುಡಿದರು, ಎಷ್ಟು ಮಣ್ಣು ತೋಡಿದರು ಎಂಬುದನ್ನು ಬರೆಯುವ ಲೇಖನಿ ಇನ್ನೂ ಬೇರೆಯವರ ಕೈಯಲ್ಲಿಯೇ ಇತ್ತು.

1987ರಲ್ಲಿ ಇಂದಿನ ರಾಜಸಮಂದ್ ಜಿಲ್ಲೆಯ ದೇವಡೂಂಗ್ರಿ ಎಂಬ ಚಿಕ್ಕ ಹಳ್ಳಿಗೆ ಮೂವರು ಕಾರ್ಯಕರ್ತರು ಬಂದು ನೆಲೆಸಿದರು. ಭಾರತೀಯ ಆಡಳಿತ ಸೇವೆಯ ಹುದ್ದೆಯನ್ನು ಬಿಟ್ಟುಬಂದ ಅರುಣಾ ರಾಯ್, ಅವರೊಡನೆ ನಿಖಿಲ್ ಡೇ ಮತ್ತು ಶಂಕರ್ ಸಿಂಗ್. ಊರಿನವರಂತೆಯೇ ಮಣ್ಣಿನ ಮನೆಯಲ್ಲಿ ಬಾಳುತ್ತ, ಸುತ್ತಲಿನ ಕೂಲಿಗಾರರನ್ನೂ ಸಣ್ಣ ರೈತರನ್ನೂ ಕೂಡಿಸಿಕೊಂಡು ಅವರು 1990ರ ಮೇ 1ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯನ್ನು ಕಟ್ಟಿದರು. ಕೂಲಿ ಏಕೆ ಕಡಮೆ ಎಂದು ಕೇಳಿದಾಗಲೆಲ್ಲ ಅಧಿಕಾರಿಗಳಿಂದ ಬರುತ್ತಿದ್ದ ಉತ್ತರ ಒಂದೇ: ನೀವು ಕೆಲಸ ಮಾಡಿಲ್ಲ, ಅಳತೆ ಪುಸ್ತಕದಲ್ಲಿ ಹಾಗೆಂದು ದಾಖಲಾಗಿದೆ. ಹಾಗಾದರೆ ಆ ಪುಸ್ತಕವನ್ನು ತೋರಿಸಿ ಎಂದರೆ, ಸರಕಾರದ ದಾಖಲೆಗಳನ್ನು ತೋರಿಸಲು ಬರುವುದಿಲ್ಲ ಎಂಬ ಉತ್ತರ. ಕೂಲಿಗಾರನ ಮೇಲಿನ ಆರೋಪವೂ ದಾಖಲೆಯಲ್ಲಿತ್ತು, ಆ ಆರೋಪಕ್ಕೆ ಉತ್ತರವೂ ದಾಖಲೆಯಲ್ಲಿಯೇ ಇತ್ತು. ಅದನ್ನು ನೋಡುವ ಹಕ್ಕು ಮಾತ್ರ ಅವನಿಗೆ ಇರಲಿಲ್ಲ.

ಈ ಗಂಟನ್ನು ಬಿಡಿಸಲು ಸಂಘಟನೆಯು ಒಂದು ಸರಳವಾದ ಉಪಾಯವನ್ನು ಹೂಡಿತು. 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್‌ಕಿರಾನಾದಲ್ಲಿ ಜನರೆಲ್ಲ ಸೇರಿದ ಸಭೆಯಲ್ಲಿ ಹಾಜರಿ ಪಟ್ಟಿಗಳನ್ನೂ ಬಿಲ್ಲುಗಳನ್ನೂ ಗಟ್ಟಿಯಾಗಿ ಓದಲಾಯಿತು. ಇಂತಹ ಸಭೆಗೆ ಜನಸುನ್ವಾಯಿ, ಎಂದರೆ ಜನರ ಮುಂದಿನ ವಿಚಾರಣೆ, ಎಂದು ಹೆಸರು. ಮುಂದೆ ಭೀಮ್, ವಿಜಯಪುರ, ಜವಾಜಾಗಳಲ್ಲಿಯೂ ಹೀಗೆಯೇ ನಡೆಯಿತು. ಪಟ್ಟಿಯಲ್ಲಿ ಹೆಸರಿದ್ದವರು ಎದ್ದು ನಿಂತು, ತಾವು ಆ ಕೆಲಸಕ್ಕೆ ಹೋಗಿಯೇ ಇಲ್ಲವೆಂದರು. ಊರು ಬಿಟ್ಟು ಹೋದವರ ಹೆಸರುಗಳಿದ್ದುವು. ತೀರಿಕೊಂಡವರ ಹೆಸರುಗಳೂ ಇದ್ದುವು. ಓದುಬರಹ ಬಾರದ ಜನ ಕಿವಿಯಿಂದಲೇ ಆ ದಾಖಲೆಗಳನ್ನು ಓದಿದರು. ಸುಳ್ಳನ್ನು ಸ್ಥಳದಲ್ಲಿಯೇ ಹಿಡಿದರು. ಕಚೇರಿಯ ಬೀರುವಿನಲ್ಲಿ ಬಹುಕಾಲ ಸುಖವಾಗಿದ್ದ ಸುಳ್ಳು ಊರ ನಡುವೆ ಒಂದು ಗಳಿಗೆಯೂ ನಿಲ್ಲಲಾರದೆ ಹೋಯಿತು.

1996ರ ಏಪ್ರಿಲ್‌ನಲ್ಲಿ ಬ್ಯಾವರ್ ಪಟ್ಟಣದಲ್ಲಿ ಧರಣಿ ಪ್ರಾರಂಭವಾಯಿತು. ನಮ್ಮ ಹಣ, ನಮ್ಮ ಲೆಕ್ಕ ಎಂಬುದೇ ಅಲ್ಲಿನ ಘೋಷಣೆ. ಧರಣಿಯು 40 ದಿನಗಳ ಕಾಲ ನಡೆಯಿತು. ಈ ಚಳುವಳಿಯ ಸುಶೀಲಾ ಎಂಬ ಗ್ರಾಮೀಣ ಮಹಿಳೆಯನ್ನು, ನಿಮಗೇಕೆ ಈ ದಾಖಲೆಗಳ ಹಂಬಲ ಎಂದು ದೆಹಲಿಯಲ್ಲಿ ಪತ್ರಕರ್ತರು ಕೇಳಿದಾಗ ಆಕೆ ನೀಡಿದ ಉತ್ತರ ಪ್ರಸಿದ್ಧವಾಗಿದೆ. ಹತ್ತು ರೂಪಾಯಿ ಕೊಟ್ಟು ಮಗನನ್ನು ಅಂಗಡಿಗೆ ಕಳುಹಿಸಿದರೆ ಹಿಂದಿರುಗಿದ ಮೇಲೆ ಲೆಕ್ಕ ಕೇಳುತ್ತೇನೆ. ನಮ್ಮ ಹೆಸರಿನಲ್ಲಿ ಕೋಟಿಗಟ್ಟಲೆ ವೆಚ್ಚ ಮಾಡುವ ಸರಕಾರವನ್ನು ಲೆಕ್ಕ ಕೇಳಬಾರದೇ ಎಂಬುದು ಅದರ ತಾತ್ಪರ್ಯ. ರಾಜ್ಯಶಾಸ್ತ್ರದ ದೊಡ್ಡ ತತ್ತ್ವವೊಂದು ಮನೆವಾರ್ತೆಯ ಮಾತಿನಲ್ಲಿ ಅಡಗಿತ್ತು. 2000ದಲ್ಲಿ ರಾಜಸ್ಥಾನ ಮತ್ತು ಕರ್ನಾಟಕ ರಾಜ್ಯಗಳು ಮಾಹಿತಿ ಹಕ್ಕಿನ ಕಾಯಿದೆಗಳನ್ನು ಮಾಡಿದುವು. 2005ರಲ್ಲಿ ಕೇಂದ್ರದ ಮಾಹಿತಿ ಹಕ್ಕು ಕಾಯಿದೆ ಬಂದಿತು.

ಅದೇ 2005ರಲ್ಲಿ ಸಂಸತ್ತು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯನ್ನೂ ಅಂಗೀಕರಿಸಿತು. ಅದು ಪ್ರತಿಯೊಂದು ಗ್ರಾಮೀಣ ಕುಟುಂಬಕ್ಕೂ ವರ್ಷದಲ್ಲಿ 100 ದಿನಗಳ ಕೂಲಿ ಕೆಲಸದ ಹಕ್ಕನ್ನು ನೀಡಿತು. 2006ರ ಫೆಬ್ರವರಿಯಲ್ಲಿ 200 ಜಿಲ್ಲೆಗಳಲ್ಲಿ ಮೊದಲಾದ ಈ ಯೋಜನೆಯು ಎರಡೇ ವರ್ಷಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಕೋಟ್ಯಂತರ ಕೂಲಿಗಾರರ ಲೆಕ್ಕವನ್ನು ಕಾಗದದ ಮೇಲೆ ಇಡುವುದು ದುಸ್ಸಾಧ್ಯವಾದ್ದರಿಂದ ಗಣಕಯಂತ್ರದ ನೆರವು ಬೇಕಾಯಿತು. ಉದ್ಯೋಗ ಚೀಟಿ, ಹಾಜರಿ ಪಟ್ಟಿ, ಅಳತೆ, ಪಾವತಿ ಎಲ್ಲವೂ ಸರಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಪ್ರಕಟವಾದುವು. 2008ರಿಂದ ಕೂಲಿಯನ್ನು ಬ್ಯಾಂಕು, ಅಂಚೆ ಕಚೇರಿಗಳ ಖಾತೆಗೆ ಜಮಾ ಮಾಡುವ ಪದ್ಧತಿ ಬಳಕೆಗೆ ಬಂದಿತು. ಹಾಜರಿ ಬರೆಯುವವನೂ ಹಣ ಎಣಿಸಿ ಕೊಡುವವನೂ ಒಬ್ಬನೇ ಆಗಿದ್ದ ಕಾಲ ಮುಗಿಯಿತು. ಕೋಟ್‌ಕಿರಾನಾದ ಜನ ಹೋರಾಡಿ ನೋಡಬೇಕಾಗಿದ್ದ ಕಾಗದವು ಈಗ ಕೇಳದೆಯೇ ಕಣ್ಣಮುಂದೆ ಬಂದಿತ್ತು. ತಂತ್ರಜ್ಞಾನದ ಈ ಉಪಕಾರವನ್ನು ಅಲ್ಲಗಳೆಯುವಂತಿಲ್ಲ.

ಆದರೆ ಯಂತ್ರವು ಪಕ್ಷಪಾತ ಮಾಡದು ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಯಂತ್ರವು ತನಗೆ ಎಣಿಸಲು ಹೇಳಿದುದನ್ನು ಮಾತ್ರ ಎಣಿಸುತ್ತದೆ. ಏನನ್ನು ಎಣಿಸಬೇಕು, ಏನನ್ನು ಬಿಡಬೇಕು ಎಂದು ಗೊತ್ತುಮಾಡುವವನು ಮನುಷ್ಯನೇ. ಇದಕ್ಕೆ ಕೂಲಿಯ ವಿಳಂಬದ ಕಥೆಯೇ ಒಳ್ಳೆಯ ನಿದರ್ಶನ.

ದುಡಿದ ಹದಿನೈದು ದಿನಗಳೊಳಗೆ ಕೂಲಿ ಕೈಸೇರಬೇಕೆಂಬುದು ಕಾಯಿದೆಯ ವಿಧಿಯಾಗಿತ್ತು. ತಡವಾದರೆ ಬಾಕಿಯಿದ್ದ ನೂರು ರೂಪಾಯಿಗೆ ದಿನವೊಂದಕ್ಕೆ ಐದು ಪೈಸೆಯಂತೆ ಪರಿಹಾರವನ್ನೂ ಕೊಡಬೇಕಾಗಿತ್ತು. ಆದರೆ ಪಾವತಿಯಲ್ಲಿ ಎರಡು ಘಟ್ಟಗಳಿದ್ದುವು. ಕೆಲಸ ಮುಗಿದ ಮೇಲೆ ಅಳತೆ ಮಾಡಿ, ಕೂಲಿಯ ಪಟ್ಟಿ ಸಿದ್ಧಪಡಿಸಿ, ಸ್ಥಳೀಯ ಅಧಿಕಾರಿಗಳಿಬ್ಬರು ಗಣಕಯಂತ್ರದ ಮೂಲಕವೇ ಸಹಿ ಹಾಕಿ ಪಾವತಿ ಆದೇಶವನ್ನು ಕಳುಹಿಸುವುದು ಮೊದಲನೆಯ ಘಟ್ಟ. ಆ ಆದೇಶದಂತೆ ಕೇಂದ್ರ ಸರಕಾರದ ಹಣವು ಕೂಲಿಗಾರನ ಖಾತೆಗೆ ಜಮಾ ಆಗುವುದು ಎರಡನೆಯ ಘಟ್ಟ. ವಿಳಂಬವನ್ನು ಎಣಿಸುತ್ತಿದ್ದ ಗಣಕಯಂತ್ರವು ಎರಡನೆಯ ಸಹಿ ಬಿದ್ದೊಡನೆ ತನ್ನ ಎಣಿಕೆಯನ್ನು ನಿಲ್ಲಿಸಿಬಿಡುತ್ತಿತ್ತು. ಹಣವು ಅಲ್ಲಿಂದ ಮುಂದೆ ವಾರಗಟ್ಟಲೆ ತಡವಾದರೂ ಯಂತ್ರದ ಲೆಕ್ಕದಲ್ಲಿ ಅದು ವಿಳಂಬವೇ ಅಲ್ಲ! ತೆರೆಯ ಮೇಲೆ ಎಲ್ಲವೂ ಸಕಾಲಕ್ಕೆ ನಡೆದಂತೆ ತೋರುತ್ತಿತ್ತು. ಹಳ್ಳಿಯ ಕೂಲಿಗಾರನು ಬ್ಯಾಂಕಿಗೆ ತಿರುಗಿ ತಿರುಗಿ ಬರಿಗೈಯಲ್ಲಿ ಹಿಂದಿರುಗುತ್ತಿದ್ದನು.

ಈ ಅಂತರವನ್ನು ಬಯಲಿಗೆಳೆದವರು ಎರಡೂ ಲೋಕಗಳನ್ನು ಬಲ್ಲ ತರುಣರು. ಲಿಬ್‌ಟೆಕ್ ಇಂಡಿಯಾ ಎಂಬ ತಂಡದಲ್ಲಿ ಎಂಜಿನಿಯರರೂ ಸಮಾಜವಿಜ್ಞಾನದ ಸಂಶೋಧಕರೂ ಹಳ್ಳಿಗಳಲ್ಲಿ ದುಡಿಯುವ ಕಾರ್ಯಕರ್ತರೂ ಒಂದುಗೂಡಿದ್ದರು. ಅವರು ಸರಕಾರದ ಜಾಲತಾಣದಲ್ಲಿಯೇ ಇದ್ದ ಮಾಹಿತಿಯಿಂದ 2016–17ನೆಯ ಸಾಲಿನ, 10 ರಾಜ್ಯಗಳಿಗೆ ಸೇರಿದ, ಸುಮಾರು 90 ಲಕ್ಷ ಪಾವತಿಗಳನ್ನು ತೆಗೆದುಕೊಂಡು, ಎರಡು ಘಟ್ಟಗಳನ್ನೂ ಕೂಡಿಸಿ ಲೆಕ್ಕ ಹಾಕಿದರು. ಸಕಾಲದಲ್ಲಿ ಕೂಲಿ ಸಂದದ್ದು ಐದರಲ್ಲಿ ಸುಮಾರು ಒಂದು ಪಾಲಿಗೆ ಮಾತ್ರವೆಂದು ತಿಳಿದುಬಂದಿತು. ಅವರು ಹೊಸ ಯಂತ್ರವನ್ನೇನೂ ಕಂಡುಹಿಡಿಯಲಿಲ್ಲ. ಇದ್ದ ಅಂಕಿಗಳನ್ನೇ ಕೂಲಿಗಾರನ ಕಡೆಯಿಂದ ನೋಡಿದರು. ದುಡಿದವನಿಗೆ ಬೇಕಾದುದು ಸಹಿ ಬಿದ್ದ ದಿನವಲ್ಲ, ಹಣ ಕೈಗೆ ಬಂದ ದಿನ ಎಂಬುದಷ್ಟೇ ಅವರ ಗಣಿತ. 2018ರ ಮೇ ತಿಂಗಳಲ್ಲಿ ಸ್ವರಾಜ್ ಅಭಿಯಾನದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡನೆಯ ಘಟ್ಟದ ವಿಳಂಬಕ್ಕೂ ಕೂಲಿಗಾರನಿಗೆ ಪರಿಹಾರ ಸಲ್ಲಬೇಕೆಂದು ವಿಧಿಸಿತು.

ಮುಂದೆ ಹಾಜರಿಯನ್ನು ಹಾಕುವ ಕೆಲಸವೂ ಮೊಬೈಲಿಗೆ ಬಂದಿತು. ಕೂಲಿಗಾರರ ತಂಡದ ಮುಖ್ಯಸ್ಥನನ್ನು ರಾಜಸ್ಥಾನದಲ್ಲಿ ಮೇಟ್ ಎಂದೂ ಕರ್ನಾಟಕದಲ್ಲಿ ಕಾಯಕಬಂಧು ಎಂದೂ ಕರೆಯುತ್ತಾರೆ. 2021ರಲ್ಲಿ ಪ್ರಾರಂಭವಾಗಿ 2023ರ ಜನವರಿಯಿಂದ ಕಡ್ಡಾಯವಾದ ಕ್ರಮದಂತೆ, ಅವನು ದಿನಕ್ಕೆ ಎರಡು ಬಾರಿ ಕೂಲಿಗಾರರ ಛಾಯಾಚಿತ್ರವನ್ನು ಕೆಲಸದ ಸ್ಥಳದಿಂದಲೇ ಕಳುಹಿಸಬೇಕಾಯಿತು. ಸುಳ್ಳು ಹಾಜರಿಯನ್ನು ತಡೆಯುವುದು ಇದರ ಉದ್ದೇಶ. ಉದ್ದೇಶವೇನೋ ಒಳ್ಳೆಯದೇ. ಆದರೆ ಸಂಪರ್ಕ ಸಿಗದ ಗುಡ್ಡಗಾಡಿನಲ್ಲಿ ಚಿತ್ರವು ತಲಪದಿದ್ದರೆ, ದಿನವಿಡೀ ಮಣ್ಣು ಹೊತ್ತವನೂ ಗೈರುಹಾಜರಾದಂತೆಯೇ. ಇನ್ನೊಂದೆಡೆ, ಮೋಸ ಮಾಡುವವರು ಹಳೆಯ ಚಿತ್ರದ ಚಿತ್ರವನ್ನೇ ತೆಗೆದು ಕಳುಹಿಸುವ ಉಪಾಯವನ್ನು ಕಂಡುಕೊಂಡರು. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಮಂತ್ರಾಲಯವೇ ಇದನ್ನು ಗುರುತಿಸಿ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಬೇಕಾಯಿತು. ಕಾಗದದ ಮೇಲೆ ಸತ್ತವರು ದುಡಿದಂತೆ, ಮೊಬೈಲಿನೊಳಗೆ ಚಿತ್ರಗಳು ದುಡಿಯತೊಡಗಿದುವು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು 2005ರ ಕಾಯಿದೆಯ ಸ್ಥಾನಕ್ಕೆ ಹೊಸ ಕಾಯಿದೆಯೊಂದನ್ನು ಅಂಗೀಕರಿಸಿ, ಕೆಲಸದ ಖಾತರಿಯನ್ನು 125 ದಿನಗಳೆಂದು ನಿಗದಿ ಮಾಡಿತು. ಕಾಯಿದೆ ಬದಲಾಗಬಹುದು, ಯಂತ್ರ ಬದಲಾಗಬಹುದು. ಹಾಜರಿ ಬರೆಯುವವರಾರು, ಅದನ್ನು ನೋಡುವವರಾರು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ನಗರದ ದಿನಗೂಲಿಯವರ ಕಷ್ಟ ಇನ್ನೊಂದು ಬಗೆಯದು. ಬೆಳಗಾಗುತ್ತಲೇ ವೃತ್ತಗಳಲ್ಲಿ ಸಲಿಕೆ, ಕರಣೆಗಳನ್ನು ಹಿಡಿದು ನಿಲ್ಲುವ ಕಟ್ಟಡ ಕಾರ್ಮಿಕರಿಗೆ ಹಾಜರಿ ಪಟ್ಟಿಯೇ ಇರುವುದಿಲ್ಲ. ಇಂದು ಒಬ್ಬ ಯಜಮಾನ, ನಾಳೆ ಇನ್ನೊಬ್ಬ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯು ಕಲ್ಯಾಣ ಸೌಲಭ್ಯಗಳನ್ನು ಪಡೆಯಲು ವರ್ಷದಲ್ಲಿ 90 ದಿನ ದುಡಿದಿರಬೇಕೆಂಬ ನಿಯಮವನ್ನು ಮಾಡಿತು. ದುಡಿದವರಿಗೆ ಅದು ಕಷ್ಟವಲ್ಲ. ದುಡಿದೆವೆಂದು ತೋರಿಸುವುದೇ ಕಷ್ಟ. 2021ರಲ್ಲಿ ಪ್ರಾರಂಭವಾದ ಇ-ಶ್ರಮ್ ಜಾಲತಾಣದಲ್ಲಿ 30 ಕೋಟಿಗೂ ಹೆಚ್ಚು ಅಸಂಘಟಿತ ಕಾರ್ಮಿಕರ ಹೆಸರುಗಳು ನೋಂದಣಿಯಾಗಿವೆ. ಹೆಸರು ಸೇರಿದ್ದು ಮೊದಲ ಹೆಜ್ಜೆ. ಅವರು ದುಡಿದ ದಿನಗಳಿಗೆ ಸಾಕ್ಷಿ ಒದಗಿಸುವ ಕೆಲಸ ಇನ್ನೂ ದೊಡ್ಡದು.

ಇಂತಹ ಕೆಲಸವನ್ನು ಬರಿಯ ಪಂಡಿತರು ಮಾಡಲಾರರು. ಹರ್ಮಾಡಾದ ನೌರತಿ ಬಾಯಿಯವರ ಮುಂದಿನ ಬಾಳು ಇದನ್ನು ಸ್ಪಷ್ಟಪಡಿಸುತ್ತದೆ. ಮೊಕದ್ದಮೆ ಗೆದ್ದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಪ್ರಾಯ ಬಂದ ಮೇಲೆ ತಿಲೋನಿಯಾದಲ್ಲಿ ಅಕ್ಷರ ಕಲಿತರು. ಪದವಿಪತ್ರಗಳನ್ನು ನೀಡದ, ಹಳ್ಳಿಯ ಬಡವರಿಗೆ ವಿದ್ಯೆಯನ್ನು ಮಾತ್ರ ನೀಡುವ ಅಲ್ಲಿನ ಬೇರ್‌ಫುಟ್ ಕಾಲೇಜಿನಲ್ಲಿ, ಐವತ್ತರ ಆಚೀಚಿನ ವಯಸ್ಸಿನಲ್ಲಿ ಗಣಕಯಂತ್ರವನ್ನು ನಡೆಸಲು ಕಲಿತು ಇತರರಿಗೂ ಕಲಿಸಿದರು. 2010ರಲ್ಲಿ ಹರ್ಮಾಡಾದ ಜನ ಅವರನ್ನು ಸರಪಂಚರನ್ನಾಗಿ ಆರಿಸಿದರು. ಒಂದು ಕಾಲಕ್ಕೆ ಹಾಜರಿ ಪಟ್ಟಿಯ ಮೇಲೆ ಹೆಬ್ಬೆಟ್ಟು ಒತ್ತಲು ಕಾದು ನಿಲ್ಲುತ್ತಿದ್ದ ವರ್ಗಕ್ಕೆ ಸೇರಿದ ಮಹಿಳೆ ಪಂಚಾಯತಿಯ ಲೆಕ್ಕಪತ್ರಗಳ ಒಡತಿಯಾದರು. ಆದರೆ 2014ರ ಡಿಸೆಂಬರಿನಲ್ಲಿ ರಾಜಸ್ಥಾನ ಸರಕಾರವು, ಸರಪಂಚರಾಗುವವರು ಎಂಟನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕೆಂಬ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಗಣಕಯಂತ್ರವನ್ನು ಬಲ್ಲ ನೌರತಿ ಬಾಯಿಯವರಲ್ಲಿ ಶಾಲೆಯ ಪ್ರಮಾಣಪತ್ರವಿರಲಿಲ್ಲ. ಆದುದರಿಂದ ಮರುವರ್ಷದ ಚುನಾವಣೆಗೆ ನಿಲ್ಲುವ ಅರ್ಹತೆಯೂ ಇಲ್ಲವಾಯಿತು. ಅವರ ಮಟ್ಟಿಗೆ ವಿದ್ಯೆ ಇತ್ತು, ವಿದ್ಯೆಯ ದಾಖಲೆ ಇರಲಿಲ್ಲ. ದುಡಿಮೆ ಇದ್ದು ದುಡಿಮೆಯ ದಾಖಲೆ ಇಲ್ಲದ ಕೂಲಿಗಾರರ ಸ್ಥಿತಿಯೂ ಇದೇ ಅಲ್ಲವೇ? ಆ ನಿಯಮವನ್ನು 2019ರಲ್ಲಿ ರದ್ದುಪಡಿಸಲಾಯಿತು.

ಅದೇ 2019ರ ಸೆಪ್ಟೆಂಬರ್ 13ರಂದು ರಾಜಸ್ಥಾನದಲ್ಲಿ ಜನಸೂಚನಾ ಎಂಬ ಜಾಲತಾಣ ಪ್ರಾರಂಭವಾಯಿತು. ಸರಕಾರದ ಯೋಜನೆಗಳ ವಿವರಗಳನ್ನು, ಯಾರೂ ಅರ್ಜಿ ಹಾಕದೆಯೇ, ಊರೂರಿನ ಮಟ್ಟದಲ್ಲಿ ಪ್ರಕಟಿಸುವುದು ಅದರ ಗುರಿ. ಕರ್ನಾಟಕದ ಮಾಹಿತಿ ಕಣಜವೂ ಇದೇ ಬಗೆಯ ಪ್ರಯತ್ನ. ಕಣಜ ಎಂಬ ಹೆಸರು ಅರ್ಥಪೂರ್ಣವಾಗಿದೆ. ಕಣಜದಲ್ಲಿ ಕಾಳು ತುಂಬಿದ್ದರೆ ಸಾಲದು. ಬೆಳೆದವನ ಕೈಗೆ ಅದು ಎಟುಕಬೇಕು. ಓದಲಾರದವನಿಗೆ ಓದಿ ಹೇಳುವವರು ಬೇಕು; ತಪ್ಪು ಕಂಡರೆ ತಿದ್ದುವ ಅಧಿಕಾರಿ ಬೇಕು; ಅದನ್ನು ಕೇಳುವ ಧೈರ್ಯ ಊರಿನವರಿಗಿರಬೇಕು.

ವಿದ್ಯೆ ಕಲಿತ ತರುಣನು ಯಂತ್ರವನ್ನು ಚುರುಕುಗೊಳಿಸಬಲ್ಲನು. ಆದರೆ ಯಾವ ಅಂಕಿಯ ಹಿಂದೆ ಯಾರ ಒಲೆ ಉರಿಯದೆ ಉಳಿದಿದೆ ಎಂಬುದನ್ನು ಅವನಿಗೆ ಕಲಿಸಬಲ್ಲವರು ಕೂಲಿಗಾರರೇ. ಅವರು ಕೇಳಿದ್ದು ದಾನವನ್ನಲ್ಲ, ಕನಿಕರವನ್ನೂ ಅಲ್ಲ. ತಾವು ದುಡಿದ ದಿನಗಳ ಸರಿಯಾದ ಲೆಕ್ಕವನ್ನು. ಆ ಲೆಕ್ಕವು ಕಾಗದದ ಮೇಲಿರಲಿ, ಗಣಕಯಂತ್ರದಲ್ಲಿರಲಿ, ದುಡಿದವನು ನೋಡಿ ಹೌದೆಂದು ಒಪ್ಪಿದಾಗ ಮಾತ್ರ ಅದು ಲೆಕ್ಕವೆನಿಸಿಕೊಳ್ಳುತ್ತದೆ.

ಅಭ್ಯಾಸ

1. ಹರ್ಮಾಡಾ ರಸ್ತೆಯ ಕೂಲಿಗಾರರಿಗೆ ಕೂಲಿ ಕೊಡುತ್ತಿದ್ದ ಕ್ರಮದಲ್ಲಿದ್ದ ಅನ್ಯಾಯವಾವುದು?
2. 1983ರ ತೀರ್ಪಿನ ಸಾರವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
3. ಜನಸುನ್ವಾಯಿ ಎಂದರೇನು? ಅದರಿಂದ ಯಾವ ಸಂಗತಿಗಳು ಹೊರಬಿದ್ದುವು?
4. ‘ಯಂತ್ರವು ತನಗೆ ಎಣಿಸಲು ಹೇಳಿದುದನ್ನು ಮಾತ್ರ ಎಣಿಸುತ್ತದೆ.’ ಈ ಮಾತನ್ನು ಪಾಠದ ಉದಾಹರಣೆಯೊಡನೆ ವಿವರಿಸಿರಿ.
5. ನೌರತಿ ಬಾಯಿಯವರ ಬಾಳಿನಿಂದ ವಿದ್ಯೆಯ ವಿಷಯದಲ್ಲಿ ಏನನ್ನು ತಿಳಿಯಬಹುದು?
6. ನಿಮ್ಮ ಊರಿನಲ್ಲಿ ದಿನಗೂಲಿಯವರ ಹಾಜರಿಯನ್ನು ಹೇಗೆ ಬರೆದಿಡುತ್ತಾರೆ ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು, ಹತ್ತು ವಾಕ್ಯಗಳಲ್ಲಿ ಬರೆಯಿರಿ.